ಕೊನೆಯ ನಲವತ್ತು ಪುಟ ಮತ್ತು ಅಕ್ಕನ ಮದುವೆ

ಆ ಕಾದಂಬರಿ ಹೇಗಿದೆ ಎಂದು ಯಾರಾದರೂ ಕೇಳಿದರೆ ನಾನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವವಳಲ್ಲ. ಮುಕ್ಕಾಲು ಭಾಗ ಬಲು ಸೊಗಸು, ಕೊನೆಯ ನಲವತ್ತು ಪುಟ ಶುದ್ಧ ಮೋಸ. ಬರೆದ ಮಹಾನುಭಾವ ಎಲ್ಲಾದರೂ ನನ್ನ ಕೈಗೆ ಸಿಕ್ಕಿದ್ದರೆ ತಲೆಗೆ ಶಾಂಪೂ ಹಚ್ಚಿ, ನೊರೆ ಕಣ್ಣಿಗಿಳಿಯುವ ಹೊತ್ತಿಗೆ ಸರಿಯಾಗಿ ನಲ್ಲಿ ನಿಲ್ಲಿಸಿ, ‘ಈಗ ಬೊಗಳು, ಯಾಕೆ ಹೀಗೆ ಮಾಡಿದೆ?’ ಎಂದು ಕೇಳುತ್ತಿದ್ದೆ. ಪುಸ್ತಕದ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಹೋಗಿ ಕೊಳ್ಳುತ್ತೀರಿ, ಆಸಾಮಿಗೆ ಇನ್ನಷ್ಟು ಕೊಬ್ಬು ಬರುತ್ತದೆ.

ನಾನು ಹೆಂಗಸರ ತಲೆಗೂದಲಿನ ಕೆಲಸದವಳು. ಕತ್ತರಿಸುತ್ತೇನೆ, ತೊಳೆಯುತ್ತೇನೆ, ಎಲ್ಲಕ್ಕಿಂತ ಹೆಚ್ಚಾಗಿ ಬಣ್ಣ ಹಚ್ಚುತ್ತೇನೆ. ಅಂಗಡಿ ಚಿಕ್ಕದು. ಮೂರು ಕುರ್ಚಿ, ಗೋಡೆಯುದ್ದ ಕನ್ನಡಿ, ಮೂಲೆಯಲ್ಲಿ ಕುತ್ತಿಗೆ ಹಿಂದಕ್ಕೆ ಚಾಚಿ ಒರಗುವ ತೊಟ್ಟಿ. ಬಣ್ಣ ಹಚ್ಚಿಸಿಕೊಂಡವರು ಅದು ಹಿಡಿಯುವ ತನಕ ಅಲ್ಲಾಡದೆ ಕೂರಬೇಕು. ಕನ್ನಡಕ ಹಾಕುವ ಹಾಗಿಲ್ಲ, ಹಾಕಿದರೆ ಅದರ ಕಡ್ಡಿಗೆ ಬಣ್ಣ ಮೆತ್ತಿಕೊಂಡು ಕಿವಿಯ ಮೇಲಿನ ಕೂದಲು ಬೆಳ್ಳಗೇ ಉಳಿಯುತ್ತದೆ. ನನ್ನ ಗಿರಾಕಿಗಳೆಲ್ಲ ಬಣ್ಣ ಬೇಕಾದ ವಯಸ್ಸಿನವರು, ಎಂದರೆ ಕನ್ನಡಕವೂ ಬೇಕಾದ ವಯಸ್ಸಿನವರು. ಪತ್ರಿಕೆ ಓದಲಾಗದು, ಫೋನು ನೋಡಲಾಗದು. ಸುಮ್ಮನೆ ಕೂರಿಸಿದರೆ ಒಬ್ಬರ ಮಗನ ಸಂಸಾರದಲ್ಲಿ ಇನ್ನೊಬ್ಬರು ಮೂಗು ತೂರಿಸಿ ನನ್ನ ಅಂಗಡಿ ರಣರಂಗವಾಗುತ್ತದೆ. ಅದಕ್ಕೇ ಕಾದಂಬರಿ ತಂದು ಗಟ್ಟಿಯಾಗಿ ಓದುವುದನ್ನು ರೂಢಿ ಮಾಡಿದೆ.

ನಿಯಮ ಒಂದೇ. ಹಿಂದಕ್ಕೆ ಹೋಗುವಂತಿಲ್ಲ. ಕ್ಲಿಪ್ಪು ಸಿಕ್ಕಿಸಿದ ಪುಟದಿಂದ ಮುಂದಕ್ಕೆ ಓದುತ್ತೇನೆ, ಯಾವ ಮಹಾರಾಣಿ ಬಂದು ಕೂತರೂ ಅಲ್ಲಿಂದಲೇ. ಹೀಗಾಗಿ ಒಂದು ಕಥೆಯನ್ನು ಯಾರೂ ಪೂರ್ತಿ ಕೇಳುವುದಿಲ್ಲ. ಅವರವರು ಬಂದ ದಿನ ಯಾವ ಅಧ್ಯಾಯ ನಡೆಯುತ್ತಿತ್ತೋ ಅಷ್ಟೇ ಅವರ ಪಾಲು. ಉಳಿದದ್ದನ್ನು ತಾವೇ ಕಟ್ಟಿಕೊಂಡು ಸುಖವಾಗಿದ್ದರು. ಈ ಕಾದಂಬರಿ ಬರುವ ತನಕ ಇದರಿಂದ ಯಾರ ಮನೆಯೂ ಹಾಳಾಗಿರಲಿಲ್ಲ.

ಕಥೆ ಇಷ್ಟು. ಒಬ್ಬ ಕಣ್ಣಿನ ಡಾಕ್ಟರು. ಮೊದಲ ಹೆಂಡತಿ ಮೆಟ್ಟಿಲ ಮೇಲಿಂದ ಬಿದ್ದು ಸತ್ತಿದ್ದಾಳೆ. ಕೂದಲು ನರೆತ ಮೇಲೆ ಎರಡನೆಯ ಮದುವೆಯಾಗುತ್ತಾನೆ. ಹೊಸ ಹೆಂಡತಿ ಬಂದು ನೋಡಿದರೆ ಮಹಡಿಯಲ್ಲಿ ಬೀಗ ಜಡಿದ ಕೋಣೆ, ಕೆಳಗೆ ಬೆಳಗಾಗೆದ್ದು ಚಾಕು ಮಸೆಯುವ ಅತ್ತೆ. ಡಾಕ್ಟರು ಮಾತ್ರ ಬಹಳ ಮೃದು. ದನಿ ಏರಿಸುವುದಿಲ್ಲ. ಮನೆಯ ಪ್ರತಿಯೊಂದು ಡಬ್ಬಿಗೂ ಮುದ್ದಾದ ಅಕ್ಷರದಲ್ಲಿ ಚೀಟಿ ಬರೆದು ಅಂಟಿಸುತ್ತಾನೆ. ಹೆಂಡತಿಗೆ ದಿನಾ ತಾನೇ ಟೀ ಮಾಡಿ ಕೊಡುತ್ತಾನೆ. ಅವಳಿಗೆ ದಿನದಿನಕ್ಕೆ ಮರೆವು ಹೆಚ್ಚುತ್ತದೆ.

ಮೊದಲ ಅಧ್ಯಾಯಗಳು ಬಿದ್ದದ್ದು ನಿವೃತ್ತರಾದ ಲೆಕ್ಕದ ಟೀಚರ್ ಪಾಲಿಗೆ. ಅವರು ಕೇಳಿದ್ದು ಅತ್ತೆ ಮತ್ತು ಚಾಕು, ಅಷ್ಟೇ. ತಲೆ ತೊಳೆಸಿಕೊಂಡು ಏಳುವ ಮೊದಲೇ ತೀರ್ಪು ಕೊಟ್ಟರು. “ಅತ್ತೇನೇ ಕಣಮ್ಮ ಕೊಲೆಗಾರ್ತಿ. ಇದರಲ್ಲಿ ಎರಡನೇ ಮಾತಿಲ್ಲ. ಉತ್ತರ ಮೊದಲನೇ ಸಾಲಲ್ಲೇ ಇದೆ.” ಆಮೇಲೆ ಬಂದವರು ಬ್ಯಾಂಕಿನಮ್ಮ. ಆಕೆಯ ಪಾಲಿಗೆ ಬಂದದ್ದು ಗಂಡ ಹೆಂಡತಿ ಕೆರೆಯಲ್ಲಿ ದೋಣಿ ವಿಹಾರ ಹೋಗುವ ಅಧ್ಯಾಯ. ಅವಳಿಗೆ ಚಳಿಯಾಗುತ್ತದೆ, ಅವನು ತನ್ನ ಕೋಟು ಬಿಚ್ಚಿ ಹೊದಿಸುತ್ತಾನೆ. ಬ್ಯಾಂಕಿನಮ್ಮನ ಕಣ್ಣಲ್ಲಿ ನೀರು. “ಎಂಥಾ ಚೆಂದದ ಪ್ರೇಮಕಥೆ ಕಣ್ರೀ! ನನ್ನ ಸೊಸೆ ಹುಟ್ಟಿದ ಹಬ್ಬಕ್ಕೆ ಇದನ್ನೇ ಕೊಡ್ತೀನಿ.” ಕೊಟ್ಟೂ ಬಿಟ್ಟರು. ಆ ಸೊಸೆ ಪೂರ್ತಿ ಓದಿ ಮುಗಿಸಿದ ದಿನದಿಂದ ಅತ್ತೆ ಮಾಡಿದ ಟೀ ಮುಟ್ಟುತ್ತಿಲ್ಲವಂತೆ, ಅದು ಬೇರೆ ವಿಷಯ.

ಸೋಮವಾರ ಮಧ್ಯಾಹ್ನ ಅಕ್ಕ ಬಂದಳು. ಅಕ್ಕ ಎಂದರೆ ನನ್ನ ಸ್ವಂತ ಅಕ್ಕ. ಅಮ್ಮ ಹೋದಮೇಲೆ ನನಗೆ ಜಡೆ ಹಾಕಿ ಶಾಲೆಗೆ ಕಳಿಸಿದವಳು, ನನ್ನ ಮದುವೆಯಲ್ಲಿ ಅಮ್ಮ ನಿಲ್ಲಬೇಕಾದ ಕಡೆ ನಿಂತವಳು. ತನ್ನ ಮದುವೆಯ ಮಾತು ಬಂದಾಗೆಲ್ಲ ‘ನೋಡೋಣ ನೋಡೋಣ’ ಎಂದು ಐವತ್ತು ದಾಟಿಸಿಬಿಟ್ಟಳು. ಅವಳು ಕಾರು ಓಡಿಸಲು ಕಲಿಸುವ ಶಾಲೆಯಲ್ಲಿ ಟೀಚರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಿನ ಬಳಿ ಬೇರೆಯಾಗಿ ಕೊಟ್ಟಿರುವ ಬ್ರೇಕು ಒತ್ತುವುದು ಅವಳ ಕೆಲಸ. ಅವಳ ಹತ್ತಿರ ಕಲಿಯಲು ಬಂದವರೇ ಔಷಧಿ ಅಂಗಡಿಯವರು. ಹೆಂಡತಿ ತೀರಿಕೊಂಡು ವರ್ಷಗಳಾಗಿವೆ, ಮಕ್ಕಳಿಲ್ಲ, ಕೈಕಾಲು ನಡುಗುವಷ್ಟು ಜಾಗರೂಕ ಮನುಷ್ಯ. ಜನವೇ ಇಲ್ಲದ ರಸ್ತೆಯಲ್ಲೂ ಎರಡೂ ಕಡೆ ನೋಡಿ ‘ಹೋಗ್ಲಾ ಮೇಡಂ?’ ಎನ್ನುವವರು. ಮೂರು ಸಲ ಪರೀಕ್ಷೆಯಲ್ಲಿ ಫೇಲಾಗಿ, ನಾಲ್ಕನೆಯ ಸಲ ಪಾಸಾದ ದಿನ ರಿವರ್ಸ್ ತೆಗೆಯುತ್ತಲೇ ಕೇಳಿದರಂತೆ, “ಮೇಡಂ, ಇನ್ನು ಮೇಲೆ ನಿಮ್ಮನ್ನ ನೋಡೋಕೆ ಏನು ನೆಪ ಹೇಳ್ಲಿ?” ಅಕ್ಕ ಆವತ್ತು ಬ್ರೇಕು ಒತ್ತಲಿಲ್ಲ. ಕಾರು ಹೋಗಿ ಕಾಂಪೌಂಡಿಗೆ ಗುದ್ದಿತು.

ಬರುವ ಶುಕ್ರವಾರ ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆ. ಅದಕ್ಕೇ ಬಣ್ಣ. ನನಗೆ ನೆಲದ ಮೇಲೆ ಕಾಲಿರಲಿಲ್ಲ. ಅಕ್ಕನ ತಲೆಗೆ ಬಣ್ಣ ಹಚ್ಚಿ, ಕನ್ನಡಕ ತೆಗೆಸಿ, ಕ್ಲಿಪ್ಪು ಇದ್ದ ಕಡೆಯಿಂದ ಓದತೊಡಗಿದೆ. ಕೇಡುಗಾಲಕ್ಕೆ ಅವತ್ತಿನ ಅಧ್ಯಾಯ ಚೀಟಿಗಳದ್ದು. ಹೆಂಡತಿ ಗಂಡನಿಲ್ಲದಾಗ ಕಪಾಟು ತೆಗೆಯುತ್ತಾಳೆ, ಸಾಲು ಸಾಲು ಸೀಸೆ, ಎಲ್ಲದರ ಮೇಲೂ ಚೀಟಿ, ಕೊನೆಯ ಖಾಲಿ ಸೀಸೆಯ ಮೇಲೆ ಅವಳದೇ ಹೆಸರು. ನಾನೋ, ನಾಟಕದವಳ ಹಾಗೆ ದನಿ ಇಳಿಸಿ, ಏರಿಸಿ, ನಡುಗಿಸಿ ಓದಿದೆ. ಹೆಸರು ಬರುವ ಹೊತ್ತಿಗೆ ಬಣ್ಣದ ಸಮಯ ಮುಗಿದು ಗಂಟೆ ಹೊಡೆಯಿತು. ಅಧ್ಯಾಯವೂ ಮುಗಿಯಿತು. ತೊಳೆಯುವಾಗ ಅಕ್ಕ ಮಾತೇ ಆಡಲಿಲ್ಲ. ನೀರು ತಣ್ಣಗಿರಬೇಕು ಅಂದುಕೊಂಡೆ, ನನ್ನ ಬುದ್ಧಿಗಿಷ್ಟು.

ಮಂಗಳವಾರ ಫೋನು ಬಂತು.

“ಮದುವೆ ಬೇಡ ಕಣೇ.”

“ಯಾವ ಮದುವೆ?” ಎಂದೆ. ಗಾಬರಿಯಲ್ಲಿ ಬಾಯಿಗೆ ಬಂದದ್ದೇ ಅದು.

“ನಂದೇ. ಇನ್ಯಾರದು? ಅವರಿಗೂ ಹೇಳಿ ಆಯ್ತು.”

“ಏನಂತ ಹೇಳ್ದೆ?”

“ಬೇಡ ಅಂತ.”

“ಯಾಕೆ ಅಂತ ಕೇಳ್ಲಿಲ್ವಾ ಅವರು?”

“ಕೇಳಿದ್ರು. ನಂಗೆ ಹೇಳಕ್ಕೆ ಬರ್ಲಿಲ್ಲ. ಅವರ ಮನೆ ನೋಡಕ್ಕೆ ಹೋಗಿದ್ನಲ್ಲ, ಡಬ್ಬಿ ಡಬ್ಬಿಗೂ ಚೀಟಿ ಕಣೇ. ಬಚ್ಚಲುಮನೆ ಕಪಾಟಲ್ಲಿ ಒಂದು ಶೆಲ್ಫು ಖಾಲಿ ಮಾಡಿ, ಅದರ ಮೇಲೆ ‘ಮೇಡಂ’ ಅಂತ ಚೀಟಿ ಅಂಟಿಸಿದ್ದಾರೆ.”

ನನ್ನ ಹಾಳು ಬಾಯಿ, ನನ್ನ ಹಾಳು ದನಿ ನಡುಗಿಸುವಿಕೆ! ಒಂದು ತಿಂಗಳ ಹಿಂದೆ ಇದೇ ಅಕ್ಕ ಆ ‘ಮೇಡಂ’ ಚೀಟಿಯ ವಿಷಯ ಹೇಳುತ್ತಾ ಕಿವಿಯ ತನಕ ಕೆಂಪಾಗಿದ್ದಳು. ಅದೇ ಚೀಟಿ ಈಗ ಕೊಲೆಗಾರನ ಚೀಟಿಯಾಗಿ ಕೂತಿತ್ತು.

“ಅಕ್ಕ, ಅದು ಕಥೆ. ಇವರು ಔಷಧಿ ಅಂಗಡಿ ಇಟ್ಟಿರೋರು, ಚೀಟಿ ಅಂಟಿಸದೆ ಇನ್ನೇನು ಅಂಟಿಸ್ತಾರೆ?”

“ನಂಗೆ ಕಥೆ ಗಿಥೆ ಬೇಡ. ಫೋನಿಡು. ಕಲಿಯೋರು ಕಾಯ್ತಿದ್ದಾರೆ.”

ಅದೇ ಮಧ್ಯಾಹ್ನ ಬ್ಯಾಂಕಿನಮ್ಮ ಹಣೆಯ ಮೇಲಿನ ಒಂದೆರಡು ಬಿಳಿ ಕೂದಲಿಗೆ ಬಣ್ಣ ಹಚ್ಚಿಸಲು ಬಂದರು. ಮುಂದಿನ ಅಧ್ಯಾಯ ಓದಿದೆ. ಓದುತ್ತಾ ಓದುತ್ತಾ ನನ್ನ ಜೀವಕ್ಕೆ ಜೀವ ಬಂತು. ಡಾಕ್ಟರು ನಿರಪರಾಧಿ! ಖಾಲಿ ಸೀಸೆ ಅವಳಿಗೆ ಇಷ್ಟವಾದ ಅತ್ತರು ತುಂಬಿಸಲು. ಬೀಗ ಹಾಕಿದ ಕೋಣೆಯಲ್ಲಿ ಅವನು ಅವಳಿಗಾಗಿ ಗುಟ್ಟಾಗಿ ಪಿಯಾನೋ ತರಿಸಿಟ್ಟಿದ್ದ. ಮರೆವಿಗೆ ಕಾರಣ ಪಕ್ಕದ ಮನೆಯ ಹೆಂಗಸು. ಗಂಡ ಹೆಂಡತಿ ತಬ್ಬಿಕೊಂಡು ಅತ್ತರು. ಬ್ಯಾಂಕಿನಮ್ಮನೂ ಅತ್ತರು. ಅವರ ಹಣೆಯ ಮೇಲೆ ಬಣ್ಣ ಇಳಿದದ್ದನ್ನು ಒರೆಸುತ್ತಾ ನಾನೂ ಅತ್ತೆ. ಇಲ್ಲಿಯ ತನಕ ಆ ಲೇಖಕನಿಗೆ ನೂರಕ್ಕೆ ತೊಂಬತ್ತು ಕೊಡುತ್ತೇನೆ, ಯಾಕೆ ಸುಳ್ಳು ಹೇಳಲಿ.

ಅಕ್ಕನಿಗೆ ಫೋನು ಮಾಡಿ ‘ಅವನು ಮಾಡಿಲ್ವಂತೆ ಕಣೇ!’ ಎಂದು ಕೂಗಿದರೆ, ಪಕ್ಕದ ಸೀಟಿನಲ್ಲಿದ್ದ ಕಲಿಯುವವನಿಗೆ ‘ಎಡಕ್ಕೆ, ಎಡಕ್ಕೆ’ ಎಂದು ಹೇಳಿ ನನ್ನ ಫೋನು ಕಟ್ ಮಾಡಿದಳು.

ಬುಧವಾರ ಬೆಳಿಗ್ಗೆ ಅಂಗಡಿಯ ಬಾಗಿಲ ಮಸುಕು ಗಾಜಿನಾಚೆ ಒಂದು ಗಂಡಸಿನ ನೆರಳು ಬಂದು ನಿಂತು ಕೆಮ್ಮಿತು. ಒಳಗೆ ಬರಲೂ ಇಲ್ಲ, ಹೋಗಲೂ ಇಲ್ಲ. ಬಾಗಿಲು ತೆಗೆದರೆ ಔಷಧಿ ಅಂಗಡಿಯವರು. ಒಂದೇ ದಿನಕ್ಕೆ ಮುಖ ಬಾಡಿ ಹೋಗಿತ್ತು. ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡಿದ್ದರು. ಅಂಥಾ ಅಚ್ಚುಕಟ್ಟಿನ ಮನುಷ್ಯ!

“ನನ್ನಿಂದ ಏನಾದ್ರೂ ತಪ್ಪಾಯ್ತೇನಮ್ಮ? ಮೇಡಂ ಏನೂ ಹೇಳ್ತಿಲ್ಲ.”

“ನಿಮ್ಮಿಂದ ಏನೂ ಇಲ್ಲ. ಒಂದು ಪುಸ್ತಕದಿಂದ.”

“ಪುಸ್ತಕಾನಾ?”

“ಹೂಂ. ಕಾದಂಬರಿ. ಅದರಲ್ಲಿ ಒಬ್ಬ ಚೀಟಿ ಅಂಟಿಸ್ತಾನೆ.”

“ನಾನೂ ಅಂಟಿಸ್ತೀನಿ,” ಎಂದರು ಅವರು, ತಪ್ಪೊಪ್ಪಿಕೊಂಡವರ ಹಾಗೆ. ಪುಸ್ತಕದ ಹೆಸರು ಕೇಳಿಕೊಂಡು, ರಸ್ತೆ ದಾಟಲು ಎರಡೂ ಕಡೆ ನೋಡಿ, ಮತ್ತೆ ನೋಡಿ, ಹೋದರು.

ಇಂಥವರನ್ನು ಕೈಬಿಟ್ಟರೆ ಅಕ್ಕ ಇನ್ನೆಲ್ಲಿ ಹುಡುಕುತ್ತಾಳೆ? ಹುಡುಕುವವಳೇ ಅಲ್ಲ ಅವಳು. ಉಳಿದ ಕಾಲವೆಲ್ಲ ಪಕ್ಕದ ಸೀಟಿನಲ್ಲೇ ಕೂತು ಕಳೆದುಬಿಡುತ್ತಾಳೆ. ಅದನ್ನು ನೆನೆಸಿಕೊಂಡು ನನಗೆ ನಿಜವಾಗಿ ಭಯವಾಯಿತು. ಆದದ್ದಾಗಲಿ, ಅಕ್ಕನನ್ನು ಹೇಗಾದರೂ ಕುರ್ಚಿಗೆ ತಂದು, ಅಲ್ಲಾಡದಂತೆ ಬಣ್ಣ ಮೆತ್ತಿ, ಡಾಕ್ಟರು ನಿರಪರಾಧಿಯಾಗುವ ಅಧ್ಯಾಯವನ್ನು ಕಿವಿಗೆ ಹಾಕಿಯೇ ತೀರುತ್ತೇನೆ ಎಂದು ತೀರ್ಮಾನಿಸಿದೆ. ಹಿಂದಕ್ಕೆ ಹೋಗಬಾರದೆಂಬ ನಿಯಮ ಹಾಳಾಗಿ ಹೋಗಲಿ. ಅದಕ್ಕೆ ಮೊದಲು ಮಿಕ್ಕ ನಲವತ್ತು ಪುಟವನ್ನೂ ನೋಡಿಬಿಡೋಣ ಎಂದು ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಒಳಗೇ ಕೂತು ಓದಿದೆ.

ಓದಿ ಮುಗಿಸಿ ಪುಸ್ತಕವನ್ನು ಎಸೆದೆ. ಅದು ಹೋಗಿ ತೊಟ್ಟಿಯಲ್ಲಿ ಬಿತ್ತು. ಪಿತ್ತ ನೆತ್ತಿಗೇರಿತ್ತು. ಆ ಅಯೋಗ್ಯ ಏನು ಮಾಡಿದ್ದಾನೆ ಗೊತ್ತೇ? ಎಲ್ಲ ಸರಿಹೋಗಿ, ಪಕ್ಕದ ಮನೆಯವಳು ಜೈಲಿಗೆ ಹೋಗಿ, ಹೆಂಡತಿ ಪಿಯಾನೋ ನುಡಿಸುತ್ತಾ ಕೂತಿದ್ದಾಳೆ. ಗಂಡ ನಗುನಗುತ್ತಾ ಟೀ ತರುತ್ತಾನೆ. ಅವಳು ಕುಡಿಯುತ್ತಾಳೆ. ಆಮೇಲೆ ತಿಳಿಯುತ್ತದೆ, ಮೊದಲಿನಿಂದಲೂ ಅವನೇ! ಪಕ್ಕದ ಮನೆಯವಳು ಪಾಪ ಮೀನಿಗೆ ಕಾಳು ಹಾಕಲು ಬರುತ್ತಿದ್ದವಳು. ಮೀನು ಎಲ್ಲಿಂದ ಬಂತು? ಅಷ್ಟೂ ಪುಟದಲ್ಲಿ ಒಂದು ಮೀನಿನ ಸುದ್ದಿಯಿಲ್ಲ. ಓದುವವರನ್ನು ಬೆಚ್ಚಿಬೀಳಿಸಲೇಬೇಕೆಂಬ ಹಟಕ್ಕೆ ಒಳ್ಳೆಯ ಸಂಸಾರವನ್ನು ಹಾಳುಮಾಡಿಬಿಟ್ಟಿದ್ದಾನೆ. ನಾನು ಅತ್ತ ಕಣ್ಣೀರಿಗೆ ಬೆಲೆ ಬೇಡವೇ?

ತೊಟ್ಟಿಯಿಂದ ಪುಸ್ತಕ ತೆಗೆದು ಒರೆಸಿ ಯೋಚಿಸಿದೆ. ಪುಟ ನನ್ನ ಕೈಯಲ್ಲಿದೆ, ಅಕ್ಕನ ಕನ್ನಡಕವೂ ನನ್ನ ಕೈಯಲ್ಲಿರುತ್ತದೆ. ಕೊನೆಯನ್ನು ನಾನೇ ಹೇಳಿದರೆ ತಡೆಯುವವರು ಯಾರು?

ಗುರುವಾರ ಅಕ್ಕನಿಗೆ ಫೋನು ಮಾಡಿ, ಹಿಂದುಗಡೆ ಒಂದು ಕಡೆ ಬೆಳ್ಳಗೆ ಉಳಿದುಬಿಟ್ಟಿದೆ, ಮದುವೆ ಇರಲಿ ಬಿಡಲಿ, ಊರವರೆಲ್ಲ ನನ್ನ ಕೆಲಸ ನೋಡಿ ನಗುತ್ತಾರೆ ಎಂದೆ. ನನ್ನ ಕೆಲಸಕ್ಕೆ ಕೆಟ್ಟ ಹೆಸರು ಎಂದರೆ ಅಕ್ಕ ಸಹಿಸುವುದಿಲ್ಲ. ಬಂದಳು. ಅದೇ ಹೊತ್ತಿಗೆ ಟೀಚರೂ, ಕಥೆ ಮುಂದೇನಾಯಿತೆಂದು ಕೇಳುವ ಆಸೆಗೆ ಎರಡೇ ದಿನದಲ್ಲಿ ಮತ್ತೆ ಬಂದ ಬ್ಯಾಂಕಿನಮ್ಮನೂ ಕೂತಿದ್ದರು. ಕಳಿಸಲಾಗಲಿಲ್ಲ. ಇರಲಿ, ಜನ ಇದ್ದರೆ ಅಕ್ಕ ಎದ್ದು ಹೋಗುವುದಿಲ್ಲ ಎಂದುಕೊಂಡು ಮೂವರ ತಲೆಗೂ ಬಣ್ಣ ಮೆತ್ತಿದೆ.

ಅತ್ತರಿನ ಸೀಸೆ, ಪಿಯಾನೋ, ತಬ್ಬಿಕೊಂಡು ಅತ್ತದ್ದು, ಎಲ್ಲ ಓದಿದೆ. ಅಕ್ಕ ಕಣ್ಣು ಮುಚ್ಚಿ ಕೂತಿದ್ದಳು. ನಾನು ಪುಟ ತಿರುಗಿಸಿ, ಗಂಟಲು ಸರಿಮಾಡಿಕೊಂಡು, ಪುಸ್ತಕದಲ್ಲಿಲ್ಲದ್ದನ್ನು ಶುರುಮಾಡಿದೆ.

“ಮಾರನೇ ದಿನ ಗಂಡ ಹೆಂಡತಿ ಪೇಟೆಗೆ ಹೋಗಿ ಹೊಸ ಪರದೆ ತಂದರು. ಹಸಿರು ಪರದೆ. ಅದನ್ನು ಕಿಟಕಿಗೆ ಹಾಕಿದರು. ಬಹಳ ಚೆನ್ನಾಗಿ ಕಾಣುತ್ತಿತ್ತು.”

“ಪರದೆ ಇರ್ಲಿ,” ಎಂದರು ಟೀಚರ್. “ಅತ್ತೆ ಎಲ್ಲಿ?”

“ಅತ್ತೆ... ಅತ್ತೆ ಪರದೆಗೆ ಹೊಲಿಗೆ ಹಾಕಿದಳು.”

“ಚಾಕು?”

“ಚಾಕು ಬ್ರೆಡ್ ಕತ್ತರಿಸೋಕೆ.”

“ಬ್ರೆಡ್ಡಿಗೆ ದಿನಾ ಬೆಳಗ್ಗೆ ಮಸೀತಾರೇನಮ್ಮ ಯಾರಾದ್ರೂ?”

“ಅವಳಿಗೆ ಹಲ್ಲಿಲ್ಲ ಟೀಚರ್. ತೆಳ್ಳಗೆ ಕತ್ತರಿಸ್ಬೇಕು.”

“ಹಾಗಂತ ಬರ್ದಿದೆಯಾ?”

“ಅಚ್ಚಾಗಿದೆ, ನೋಡಿ!” ಎಂದು ಪುಸ್ತಕ ಅವರ ಮುಖಕ್ಕೆ ಹಿಡಿದೆ. ಕನ್ನಡಕವಿಲ್ಲದೆ ಅವರಿಗೆ ಅದು ಪುಸ್ತಕವೋ ಇಟ್ಟಿಗೆಯೋ ತಿಳಿಯುತ್ತಿರಲಿಲ್ಲ.

“ದೋಣೀಲಿ ಮತ್ತೆ ಹೋಗ್ಲಿಲ್ವಾ?” ಎಂದರು ಬ್ಯಾಂಕಿನಮ್ಮ ಆಸೆಯಿಂದ.

“ಹೋದರು. ವಾರಾವಾರ ಹೋದರು. ಕೋಟು ಎರಡು ಒಯ್ದರು.”

“ಮೊದಲನೇ ಹೆಂಡತಿ ಮೆಟ್ಟಿಲಿಂದ ಬಿದ್ದಿದ್ದು ಹೇಗೆ ಹಾಗಾದ್ರೆ?” ಟೀಚರ್ ಬಿಡುವವರಲ್ಲ.

“ಚಪ್ಪಲಿ ಸರಿ ಇರ್ಲಿಲ್ಲ,” ಎಂದೆ. “ಹೀಗೆ ಅವರು ನೂರು ಕಾಲ ಸುಖವಾಗಿ ಬಾಳಿದರು. ಡಾಕ್ಟರಂಥ ಒಳ್ಳೆಯ ಗಂಡ ಲೋಕದಲ್ಲೇ ಇರಲಿಲ್ಲ. ಮುಗಿಯಿತು.”

ಆಗ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಔಷಧಿ ಅಂಗಡಿಯವರು ಈ ಸಲ ಒಳಗೇ ಬಂದುಬಿಟ್ಟಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಏನೋ. ಕೈಯಲ್ಲಿ ಅದೇ ಕಾದಂಬರಿಯ ಹೊಸ ಪ್ರತಿ.

“ಕ್ಷಮಿಸಿ,” ಎಂದರು. “ನನ್ನ ಪುಸ್ತಕದಲ್ಲಿ ಹೀಗಿಲ್ಲ. ಕೊನೇಲಿ ಅವನೇ ಕೊಲೆಗಾರ.”

ಈ ಮನುಷ್ಯನ ಪ್ರಾಮಾಣಿಕತೆಗೆ ಬೆಂಕಿ ಬೀಳಲಿ! ನಾನು ತಲೆಯ ಮೇಲೆ ಕೈ ಹೊತ್ತುಕೊಂಡೆ, ಕೈಗವಸಿನಲ್ಲಿದ್ದ ಬಣ್ಣವೆಲ್ಲ ನನ್ನ ಹಣೆಗಾಯಿತು. ಟೀಚರ್ “ಅತ್ತೆ ಅಲ್ವಾ?” ಎಂದು ಕೂಗಿದರು. ಬ್ಯಾಂಕಿನಮ್ಮ “ಕೋಟು ಹೊದಿಸಿದೋನು?” ಎಂದು ಎದೆ ಹಿಡಿದುಕೊಂಡರು. ಅಕ್ಕ ಮಾತ್ರ ಕನ್ನಡಿಯ ಕಡೆಗೇ ಮುಖ ಮಾಡಿ ಕೂತಿದ್ದಳು.

“ಮೇಡಂ,” ಎಂದರು ಅವರು, ಅಕ್ಕನ ಬೆನ್ನಿಗೆ. “ನಾನು ಪೂರ್ತಿ ಓದ್ದೆ. ಮೊದಮೊದಲು ಚೆನ್ನಾಗಿದೆ. ಆದ್ರೆ ವಿಷದ ವಿಷಯ ಎಲ್ಲಾ ತಪ್ಪು ಬರ್ದಿದ್ದಾರೆ. ಆ ಔಷಧಿ ಎಷ್ಟು ಕಹಿ ಅಂದ್ರೆ ಟೀಲಿ ಹಾಕಿದ್ರೆ ಮೊದಲನೇ ಗುಟುಕಿಗೇ ಉಗುಳ್ತಾರೆ. ಅವನು ಮಾಡಿರೋ ರೀತೀಲಿ ಒಂದು ಬೆಕ್ಕೂ ಸಾಯಲ್ಲ. ಅವನಿಗೆ ಕಸುಬೇ ಗೊತ್ತಿಲ್ಲ. ನಾನಾಗಿದ್ರೆ ಯಾರಿಗೂ ಒಂಚೂರೂ ಅನುಮಾನ ಬರದ ಹಾಗೆ...”

ತಾನು ಏನು ಹೇಳುತ್ತಿದ್ದೇನೆಂದು ಅವರಿಗೆ ಆಗ ಹೊಳೆಯಿತು. ಬಾಯಿ ತೆರೆದದ್ದು ತೆರೆದೇ ಉಳಿಯಿತು.

“ನೀವಾಗಿದ್ರೆ ಹೇಗೆ?” ಎಂದರು ಟೀಚರ್, ಕಲಿಯುವ ಆಸಕ್ತಿಯಿಂದ.

“ಟೀಚರ್, ಬಾಯಿ ಮುಚ್ಕೊಳ್ಳಿ!” ಎಂದು ನಾನು ಗದರಿದೆ. ಗಿರಾಕಿಯನ್ನು ಹಾಗೆ ಗದರಿದ್ದು ಅದೇ ಮೊದಲು.

ಅಕ್ಕನ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡು ಓಡಿಹೋಗಿ ನೋಡಿದರೆ, ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಾಳೆ. ನಕ್ಕೂ ನಕ್ಕೂ ಕಣ್ಣಲ್ಲಿ ನೀರು. ಅವಳು ಹಾಗೆ ನಕ್ಕದ್ದನ್ನು ನಾನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ.

“ನೀನೊಬ್ಬಳು ಹಸಿರು ಪರದೆ ತಂದವಳು,” ಎಂದಳು ನನಗೆ. “ನಾನೂ ಓದಿದ್ದೀನಿ ಕಣೇ. ಸೋಮವಾರ ಇಲ್ಲಿಂದ ಹೋಗ್ತಾನೇ ಲೈಬ್ರರೀಲಿ ತಗೊಂಡು ಕೂತು ಓದಿ ಮುಗಿಸ್ದೆ. ಕೊನೆ ಪೂರ್ತಿ ಗೊತ್ತು ನಂಗೆ. ಆ ಮೀನು ಎಲ್ಲಿಂದ ಬಂತು?”

“ನಾನೂ ಅದನ್ನೇ ಕೇಳ್ತಿರೋದು!” ಎಂದೆ. ಆಮೇಲೆ ವಿಷಯ ತಲೆಗೆ ಹೋಯಿತು. “ಗೊತ್ತಿದ್ದೇ ಬೇಡ ಅಂದ್ಯಾ? ಇವರು ನಿಂಗೆ ವಿಷ ಹಾಕ್ತಾರೆ ಅಂತ ನಂಬಿದ್ಯಾ?”

“ಇವರಾ? ಇರುವೆ ಅಡ್ಡ ಬಂದ್ರೆ ಹಾರ್ನ್ ಮಾಡಿ ಕಾಯ್ತಾರೆ ಇವರು. ಕೊಲೆ ಗಿಲೆ ಎಲ್ಲಾ ಸುಳ್ಳು ಅಂತ ಯಾರಿಗೆ ಗೊತ್ತಾಗಲ್ಲ?” ಅಕ್ಕನ ನಗು ನಿಂತಿತು. ಕನ್ನಡಕವಿಲ್ಲದ ಕಣ್ಣಿಂದ ಕನ್ನಡಿಯನ್ನೇ ನೋಡುತ್ತಾ ಹೇಳಿದಳು. “ಅದರಲ್ಲಿ ಒಂದೇ ಒಂದು ಪುಟ ನಿಜ. ಅವಳು ಆ ಮನೆಗೆ ಬಂದ ಮೊದಲನೇ ದಿನ ಸ್ನಾನಕ್ಕೆ ಹೋಗ್ತಾಳೆ. ತನ್ನ ಸೋಪು ಎಲ್ಲಿಡ್ಬೇಕು ಅಂತ ಗೊತ್ತಾಗಲ್ಲ. ಒದ್ದೆ ಸೋಪು ಕೈಯಲ್ಲಿ ಹಿಡ್ಕೊಂಡು ಹಾಗೇ ನಿಂತಿರ್ತಾಳೆ. ಕೂಗಿ ಕೇಳೋಕೂ ಸಂಕೋಚ. ಅಷ್ಟೇ, ಇನ್ನೇನೂ ಆಗಲ್ಲ ಆ ಪುಟದಲ್ಲಿ.”

ನನಗೆ ಆ ಪುಟದ ನೆನಪೇ ಇರಲಿಲ್ಲ. ಇರುವುದು ಹೇಗೆ? ಏನೂ ನಡೆಯದ ಪುಟ ಬಂದರೆ ಜೊಳ್ಳು ಎಂದು ಹಾರಿಸಿ ಓದುವವಳು ನಾನು. ಟೀಚರಿಗೆ ಅದನ್ನು ಓದಿಯೇ ಇರಲಿಲ್ಲ.

“ಅದು ಓದಿದ ಮೇಲೆ ನಂಗೆ ಕೈಕಾಲು ತಣ್ಣಗಾಯ್ತು,” ಎಂದಳು ಅಕ್ಕ. “ಇಷ್ಟು ವರ್ಷ ನನ್ನ ಮನೇಲಿ ನಾನು ಎಲ್ಲಿ ಬೇಕಾದ್ರೂ ಸೋಪಿಟ್ಟಿದ್ದೀನಿ. ಕಿಟಕೀಲಿ, ನೆಲದ ಮೇಲೆ, ಚೊಂಬಲ್ಲಿ. ಈ ವಯಸ್ಸಲ್ಲಿ ಹೋಗಿ ಇನ್ನೊಬ್ಬರ ಮನೇಲಿ ನೆಂಟರ ಥರ ನಿಂತ್ಕೊಳ್ಳಲಾ? ಇವರು ಶೆಲ್ಫು ಖಾಲಿ ಮಾಡಿ ಚೀಟಿ ಅಂಟಿಸಿದ್ದಾರೆ, ಎಷ್ಟು ಒಳ್ಳೆಯವರು. ಒಳ್ಳೆಯವರು ಅಂತಾನೇ ಇನ್ನೂ ಭಯ. ಆ ಶೆಲ್ಫು ಬಿಟ್ಟು ಬೇರೆ ಕಡೆ ಇಟ್ರೆ ಅವರು ಏನೂ ಅನ್ನಲ್ಲ. ಸುಮ್ನೆ ಎತ್ತಿಡ್ತಾರೆ. ದಿನಾ ಎತ್ತಿಡ್ತಾರೆ. ಇದನ್ನ ಫೋನಲ್ಲಿ ಹೇಗೆ ಹೇಳ್ಲಿ? ಸೋಪಿನ ಕಾರಣಕ್ಕೆ ಮದುವೆ ಬೇಡ ಅಂದ್ರೆ ಜನ ಕಲ್ಲು ಹೊಡೀತಾರೆ. ಕೊಲೆಗಾರ ಅಂದ್ರೆ ಒಪ್ತಾರೆ.”

ಬ್ಯಾಂಕಿನಮ್ಮ ಮೆಲ್ಲಗೆ, “ನನ್ನ ಸೋಪು ಈಗ್ಲೂ ಸೂಟ್‌ಕೇಸಲ್ಲೇ ಇಟ್ಕೊಳ್ಳೋದು ಕಣ್ರೀ ನಾನು,” ಎಂದರು. ಮಗನ ಮನೆಗೆ ಆಕೆ ಬಂದು ಆರು ವರ್ಷವಾಗಿದೆ. ಅಕ್ಕನ ಕುತ್ತಿಗೆಗೆ ಇಳಿದಿದ್ದ ಬಣ್ಣ ಒರೆಸುವ ನೆಪದಲ್ಲಿ ಅವಳ ಭುಜ ಹಿಡಿದುಕೊಂಡೆ.

ಔಷಧಿ ಅಂಗಡಿಯವರು ಪುಸ್ತಕವನ್ನು ಎಡಗೈಯಿಂದ ಬಲಗೈಗೆ, ಬಲಗೈಯಿಂದ ಎಡಗೈಗೆ ಬದಲಿಸಿದರು. ಎರಡೂ ಕಡೆ ನೋಡಿದರು. ಆಮೇಲೆ ಹೇಳಿದರು.

“ಹಾಗಾದ್ರೆ ನಾನೇ ನಿಮ್ಮನೆಗೆ ಬಂದುಬಿಡ್ಲಾ ಮೇಡಂ?”

ಅಕ್ಕ ಕುರ್ಚಿಯನ್ನು ಅವರ ಕಡೆ ತಿರುಗಿಸಿದಳು. ಅವರು ಒಮ್ಮೆ ಅಕ್ಕನ ಮನೆ ನೋಡಿದವರು. ಡ್ರೈವಿಂಗ್ ಶಾಲೆಯ ಮೇಲಿನ ಒಂದು ಕೋಣೆ, ಒಂದು ಅಡುಗೆಮನೆ. ಅಲ್ಲಿ ಉಪ್ಪಿನ ಡಬ್ಬಿಯಲ್ಲಿ ಸಕ್ಕರೆ, ಸಕ್ಕರೆ ಡಬ್ಬಿಯಲ್ಲಿ ಸೂಜಿ ದಾರ. ಆವತ್ತು ಉಪ್ಪು ಹಾಕಿದ ಟೀಯನ್ನು ‘ಚೆನ್ನಾಗಿದೆ’ ಎಂದು ಪೂರ್ತಿ ಕುಡಿದು ಬಂದಿದ್ದರು ಪುಣ್ಯಾತ್ಮರು. ಅದೆಲ್ಲ ಈಗ ಒಂದೊಂದಾಗಿ ನೆನಪಾಗುತ್ತಿರುವುದು ಅವರ ಮುಖದಲ್ಲೇ ಕಾಣಿಸಿತು. ಮುಖ ಬಿಳಿಚಿತು. ಆದರೂ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ನಿಂತಲ್ಲೇ ನಿಂತಿದ್ದರು.

“ಅಲ್ಲಿ... ಅಲ್ಲಿ ನಾನು ನನ್ನ ಸೋಪು ಎಲ್ಲಿಡ್ಲಿ ಮೇಡಂ?” ಎಂದರು.

ಅಕ್ಕ ಕೈಚಾಚಿ ನನ್ನಿಂದ ಕನ್ನಡಕ ಕಿತ್ತುಕೊಂಡು, ಬಣ್ಣ ಹಾಳಾದರೂ ಚಿಂತೆಯಿಲ್ಲವೆಂದು ಹಾಕಿಕೊಂಡು, ಅವರ ಮುಖವನ್ನು ಬಹಳ ಹೊತ್ತು ನೋಡಿದಳು.

“ಭಯ ಆಗ್ತಿದೆಯಾ?”

“ತುಂಬಾ ಮೇಡಂ.”

“ನಂಗೂ,” ಎಂದಳು ಅಕ್ಕ. “ನಾಳೆ ರಿಜಿಸ್ಟ್ರಾರ್ ಆಫೀಸು ಬೇಗ ತೆಗೀತಾರೆ. ಲೇಟ್ ಮಾಡ್ಬೇಡಿ.”